ಹೊಸಬರು ಎಷ್ಟು ವರ್ಷ ಹೊಸಬರು?

ಆಫೀಸಿನಲ್ಲಿ ವಿಳಾಸ ತುಂಬುವ ಫಾರ್ಮ್ ಒಂದನ್ನು ಮಾಡ್ತಾ ಇದ್ದೆವು. ದೇಶಗಳ ಪಟ್ಟಿಯನ್ನು ಯಾರೂ ಕೂತು ಟೈಪ್ ಮಾಡೋದಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿ ಸಿದ್ಧವಾಗಿ ಸಿಗುತ್ತೆ, ಅದನ್ನೇ ಎತ್ತಿ ಹಾಕೋದು. ಪಟ್ಟಿ ಸರಿಯಾಗಿ ಬಂದಿದೆಯಾ ಅಂತ ನೋಡುವಾಗ ಒಂದು ಸಾಲಿನ ಹತ್ತಿರ ನಿಂತೆ. ಫಾಕ್‌ಲ್ಯಾಂಡ್ ದ್ವೀಪಗಳು, ಪಕ್ಕದಲ್ಲೇ ಬ್ರಾಕೆಟ್ಟಿನೊಳಗೆ ಮಾಲ್ವಿನಾಸ್. ಬ್ರಾಕೆಟ್ಟಿನ ಹೊರಗೆ ಬ್ರಿಟನ್ ಇಟ್ಟ ಹೆಸರು, ಒಳಗೆ ಅರ್ಜೆಂಟೀನಾ ಕರೆಯುವ ಹೆಸರು. 1982ರಲ್ಲಿ ಈ ಎರಡು ಹೆಸರಿನ ನಡುವೆ 74 ದಿನ ಯುದ್ಧ ಆಯಿತು. ಅರ್ಜೆಂಟೀನಾದ 649, ಬ್ರಿಟನ್ನಿನ 255 ಸೈನಿಕರು, ಜೊತೆಗೆ ದ್ವೀಪದ 3 ನಾಗರಿಕರು ಸತ್ತರು.

ಆ ದ್ವೀಪ ಯಾರದ್ದು ಅನ್ನೋದು ಇತಿಹಾಸದ ಪ್ರಶ್ನೆ, ವಕೀಲರ ಪ್ರಶ್ನೆ. ನನ್ನನ್ನು ಕಾಡಿದ್ದು ಅದರ ಕೆಳಗೆ ಇರುವ ಇನ್ನೊಂದು ಪ್ರಶ್ನೆ. ಒಂದು ಜಾಗಕ್ಕೆ ಹೊಸದಾಗಿ ಬಂದವರು ಎಷ್ಟು ವರ್ಷ ಕಳೆದ ಮೇಲೆ ಅಲ್ಲಿಯವರಾಗ್ತಾರೆ? ಹತ್ತು ವರ್ಷ? ಮೂರು ತಲೆಮಾರು? ಅಥವಾ ಯಾವತ್ತೂ ಇಲ್ಲವಾ?

ಮೊದಲು ಸ್ವಲ್ಪ ಹಿನ್ನೆಲೆ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಅರ್ಜೆಂಟೀನಾದ ತೀರದಿಂದ ಸುಮಾರು 500 ಕಿ.ಮೀ. ದೂರದಲ್ಲಿ ಈ ದ್ವೀಪಗಳಿವೆ. ಬ್ರಿಟನ್ನಿಂದ ನೋಡಿದರೆ 12,000 ಕಿ.ಮೀ.ಗೂ ದೂರ. ಮರವಿಲ್ಲದ ಗಾಳಿಯ ನಾಡು, ಕುರಿ ಮತ್ತು ಪೆಂಗ್ವಿನ್‌ಗಳ ನಾಡು. ಯುರೋಪಿನವರು ಬಂದಾಗ ಅಲ್ಲಿ ಯಾರೂ ವಾಸ ಇರಲಿಲ್ಲ. 1764ರಲ್ಲಿ ಫ್ರೆಂಚರು ಮೊದಲು ನೆಲೆ ಹಾಕಿದರು. ಅವರ ಸೇಂಟ್ ಮಾಲೋ ಬಂದರಿನ ಹೆಸರಿಂದಲೇ ಮಾಲ್ವಿನಾಸ್ ಅನ್ನೋ ಹೆಸರು ಬಂದದ್ದು. ಹಿಂದೆಯೇ ಬ್ರಿಟಿಷರು ಬಂದರು, ಫ್ರೆಂಚರು ತಮ್ಮ ಪಾಲನ್ನು ಸ್ಪೇನಿಗೆ ಬಿಟ್ಟುಕೊಟ್ಟರು, 1774ರಲ್ಲಿ ಬ್ರಿಟಿಷರು ಹೊರಟುಹೋದರು, 1811ರಲ್ಲಿ ಸ್ಪೇನಿನವರೂ ಹೋದರು. ಸ್ಪೇನಿನಿಂದ ಬಿಡಿಸಿಕೊಂಡ ಅರ್ಜೆಂಟೀನಾ 1820ರಲ್ಲಿ ತನ್ನ ಬಾವುಟ ಹಾರಿಸಿತು. 1833ರ ಜನವರಿಯಲ್ಲಿ ಬ್ರಿಟಿಷ್ ಹಡಗು ಮತ್ತೆ ಬಂದು ಅರ್ಜೆಂಟೀನಾದ ಕಾವಲು ಪಡೆಯನ್ನು ಹೊರಡಿ ಅಂದಿತು. ಆಮೇಲೆ ಬಂದು ನೆಲೆಸಿದ ಬ್ರಿಟಿಷ್ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇವತ್ತೂ ಅಲ್ಲಿದ್ದಾರೆ.

ಅರ್ಜೆಂಟೀನಾ ಹೇಳೋದು ಇಷ್ಟು: ಇವರು ತಂದು ನೆಟ್ಟ ಜನ. ಜಾಗ ಕಿತ್ತುಕೊಂಡು, ಅಲ್ಲಿ ತಮ್ಮವರನ್ನು ಕೂರಿಸಿ, ಈಗ ಆ ತಮ್ಮವರನ್ನೇ ನಿಮಗೆ ಯಾರು ಬೇಕು ಅಂತ ಕೇಳಿದರೆ ಅದು ನಾಟಕ ಅಲ್ವಾ? ಬ್ರಿಟನ್ ಹೇಳೋದು: ಅಲ್ಲಿ ಬದುಕುತ್ತಿರುವವರು ಅವರು, ತೀರ್ಮಾನವೂ ಅವರದ್ದೇ. 2013ರ ಮಾರ್ಚಿನಲ್ಲಿ ಜನಮತ ಕೇಳಿದಾಗ ಬ್ರಿಟನ್ ಜೊತೆಗೇ ಇರ್ತೀವಿ ಅಂದವರು 1,513, ಬೇಡ ಅಂದವರು 3.

ಅರ್ಜೆಂಟೀನಾದ ವಾದವನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಅದರ ಹಿಂದೆ ನಿಜವಾದ ಅವಮಾನ ಇದೆ. ಆದರೆ 'ತಂದು ನೆಟ್ಟ ಜನ' ಅನ್ನೋ ಮಾತು ಅವರ ಬಾಯಲ್ಲಿ ಬಂದಾಗ ನನಗೆ ಕಸಿವಿಸಿ ಆಗುತ್ತೆ. 1853ರಲ್ಲಿ ಬರೆದ ಅವರ ಸಂವಿಧಾನದ ಪೀಠಿಕೆ ತೆಗೆದು ನೋಡಿ. ಈ ನೆಲದಲ್ಲಿ ವಾಸಿಸಲು ಬಯಸುವ ಲೋಕದ ಎಲ್ಲ ಜನರಿಗೂ ಸ್ವಾತಂತ್ರ್ಯದ ಫಲ ಸಿಗಲಿ ಅನ್ನೋ ಅರ್ಥದ ಮಾತು ಅದರಲ್ಲಿದೆ. ನಾನು ಓದಿದ ಸಂವಿಧಾನದ ಸಾಲುಗಳಲ್ಲಿ ಇಷ್ಟು ದೊಡ್ಡ ಮನಸ್ಸಿನದ್ದು ಕಡಿಮೆ. ಆ ಕರೆಗೆ ಓಗೊಟ್ಟು ಇಟಲಿಯಿಂದ, ಸ್ಪೇನಿನಿಂದ ಲಕ್ಷಗಟ್ಟಲೆ ಜನ ಬಂದರು. 1865ರಲ್ಲಿ ಬ್ರಿಟನ್ನಿನ ವೇಲ್ಸ್‌ನಿಂದ ಒಂದು ಹಡಗು ತುಂಬ ಜನ ಬಂದು ಚುಬುಟ್ ಪ್ರಾಂತ್ಯದಲ್ಲಿ ಇಳಿದರು. ಅವರ ಮರಿಮಕ್ಕಳು ಇವತ್ತು ಅರ್ಜೆಂಟೀನಾದವರು, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಅದೇ ಬ್ರಿಟನ್ನಿಂದ ಅದೇ ಕಾಲದಲ್ಲಿ ಹೊರಟು, ಅದೇ ಸಮುದ್ರದ ಇನ್ನೊಂದು ದಡದಲ್ಲಿ ಇಳಿದವರ ಮರಿಮಕ್ಕಳು ಮಾತ್ರ ತಂದು ನೆಟ್ಟವರು!

ಇನ್ನೂ ಒಂದು ಇದೆ. ದ್ವೀಪದ ಎದುರಿನ ಪಟಗೋನಿಯಾ ಪ್ರದೇಶ ಅರ್ಜೆಂಟೀನಾದ ಕೈಗೆ ಪೂರ್ತಿಯಾಗಿ ಬಂದದ್ದು 1878ರ ನಂತರದ ಸೈನಿಕ ಕಾರ್ಯಾಚರಣೆಗಳಲ್ಲಿ. ಅಲ್ಲಿದ್ದ ಮಾಪುಚೆ, ತೆಹುವೆಲ್ಚೆ ಜನರನ್ನು ಕೊಂದು, ಓಡಿಸಿ ಗೆದ್ದ ನೆಲ ಅದು. ಅಂದರೆ ಖಾಲಿ ದ್ವೀಪಕ್ಕೆ ಬಂದವರು ಹೊಸಬರು, ತುಂಬಿದ ನೆಲವನ್ನು ಖಾಲಿ ಮಾಡಿ ಬಂದವರು ಮೂಲದವರು. ಲೆಕ್ಕ ಹೊಂದೋದಿಲ್ಲ.

ಹಾಗಾದರೆ ಬ್ರಿಟನ್ನೇ ಸರಿ ಅನ್ನೋಣವಾ? ಸ್ವಲ್ಪ ತಾಳಿ. ನಮಗೆ ಇನ್ನೂ ಹತ್ತಿರದ ಸಮುದ್ರಕ್ಕೆ ಬರೋಣ.

ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಸುಮಾರು 1,800 ಕಿ.ಮೀ. ಹೋದರೆ ಹಿಂದೂ ಮಹಾಸಾಗರದ ನಡುವೆ ಚಾಗೋಸ್ ದ್ವೀಪಗಳು. ಅಲ್ಲಿಯೂ ಮೂಲನಿವಾಸಿಗಳು ಇರಲಿಲ್ಲ. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ತೆಂಗಿನ ತೋಟಕ್ಕೆ ಅಂತ ಆಫ್ರಿಕಾದ ಗುಲಾಮರನ್ನು ತಂದರು. ಗುಲಾಮಗಿರಿ ರದ್ದಾದ ಮೇಲೆ ಭಾರತದಿಂದಲೂ ಕೂಲಿಗಳು ಹೋದರು. ಎಲ್ಲ ಬೆರೆತು ಒಂದು ಜನ, ಒಂದು ಭಾಷೆ, ಒಂದು ಅಡುಗೆ ಆಯಿತು. ಅಂದರೆ ಫಾಕ್‌ಲ್ಯಾಂಡ್‌ನಲ್ಲಿ ಬ್ರಿಟಿಷ್ ಕುಟುಂಬಗಳು ನೆಲೆಸುವುದಕ್ಕೂ ಮೊದಲೇ ಇವರ ಹಿರಿಯರು ಇಲ್ಲಿದ್ದರು.

1960ರ ದಶಕದಲ್ಲಿ ಅಮೆರಿಕಕ್ಕೆ ಇಲ್ಲಿನ ಡಿಯಾಗೋ ಗಾರ್ಸಿಯಾ ದ್ವೀಪದಲ್ಲಿ ಸೇನಾನೆಲೆ ಬೇಕಾಯಿತು. ಬ್ರಿಟನ್ 1965ರಲ್ಲಿ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿ ಇಟ್ಟುಕೊಂಡಿತು. 1968ರಿಂದ 1973ರೊಳಗೆ ಅಲ್ಲಿದ್ದ ಸುಮಾರು 1,500ರಿಂದ 2,000 ಜನರನ್ನು ಮಾರಿಷಸ್ ಮತ್ತು ಸೇಶೆಲ್ಸ್‌ಗೆ ಸಾಗಿಸಿತು. ಅವರು ಸಾಕಿದ ನಾಯಿಗಳನ್ನು ಕೂಡಿಹಾಕಿ ವಿಷಾನಿಲದಿಂದ ಕೊಂದರು. ಇದಕ್ಕೆ ಅಧಿಕಾರಿಗಳು ಕೊಟ್ಟ ಸಮರ್ಥನೆ ಏನು ಗೊತ್ತಾ? ಇಲ್ಲಿ ಕಾಯಂ ಜನ ಅಂತ ಯಾರೂ ಇಲ್ಲ, ಇರೋರೆಲ್ಲ ಗುತ್ತಿಗೆ ಕೂಲಿಗಳು, ಬಂದವರು, ಹೋಗುವವರು. ಐದು ತಲೆಮಾರಿನ ಗೋರಿಗಳು ಇದ್ದ ದ್ವೀಪದ ಬಗ್ಗೆ ಹೇಳಿದ ಮಾತು ಇದು.

ಈಗ 1982ಕ್ಕೆ ವಾಪಸ್ ಬನ್ನಿ. ಫಾಕ್‌ಲ್ಯಾಂಡ್‌ನ ಸುಮಾರು 1,800 ಜನರ ಹಕ್ಕಿಗಾಗಿ ಬ್ರಿಟನ್ ಸಾಗರದಾಚೆಗೆ ಯುದ್ಧನೌಕೆಗಳನ್ನು ಕಳಿಸಿತು. ಅದೇ ವರ್ಷ, ಮಾರಿಷಸ್‌ನ ಕೊಳೆಗೇರಿಗಳಲ್ಲಿ ಇದ್ದ ಚಾಗೋಸ್ ಜನರ ವಿಷಯವನ್ನು 40 ಲಕ್ಷ ಪೌಂಡ್ ಪರಿಹಾರ ಕೊಟ್ಟು ಮುಗಿಸಲು ಒಪ್ಪಂದ ಮಾಡಿಕೊಂಡಿತು. ಜನಸಂಖ್ಯೆ ಹೆಚ್ಚುಕಡಿಮೆ ಒಂದೇ. ಇಬ್ಬರೂ ಖಾಲಿ ದ್ವೀಪಕ್ಕೆ ಬೇರೆ ಕಡೆಯಿಂದ ಬಂದವರ ಮಕ್ಕಳೇ. ಇವರು ಬಿಳಿಯರು, ಅವರು ಕರಿಯರು ಅನ್ನೋದು ಒಂದು ವ್ಯತ್ಯಾಸ. ಆದರೆ ಅದೂ ಪೂರ್ತಿ ಉತ್ತರ ಅಲ್ಲ. ಯುದ್ಧಕ್ಕೆ ಸ್ವಲ್ಪ ಮುಂಚೆ, 1981ರ ಪೌರತ್ವ ಕಾನೂನಿನಲ್ಲಿ, ಫಾಕ್‌ಲ್ಯಾಂಡ್‌ನ ಎಷ್ಟೋ ಜನರಿಗೆ ಬ್ರಿಟನ್ ಪೂರ್ಣ ಪೌರತ್ವ ಕೊಟ್ಟಿರಲಿಲ್ಲ. ಯುದ್ಧ ಮುಗಿದ ಮೇಲೆ, 1983ರಲ್ಲಿ, ಅವರಿಗಾಗಿಯೇ ಬೇರೆ ಕಾನೂನು ಮಾಡಿ ಕೊಟ್ಟಿತು. ರಕ್ತ ಹರಿದ ಮೇಲೆ ಅವರು 'ನಮ್ಮವರು' ಆದರು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನಿಸೋದು ಇದು: 'ಹೊಸಬ' ಅನ್ನೋದು ವರ್ಷದ ಲೆಕ್ಕವೇ ಅಲ್ಲ. ನೆಲ ಬೇಕಾದವನು ಅಲ್ಲಿರುವವನಿಗೆ ಕಟ್ಟುವ ಹೆಸರು ಅದು. ನೆಲ ಬೇಕಾದಾಗ ಇನ್ನೂರು ವರ್ಷ ಇದ್ದವನೂ ಕೂಲಿಗೆ ಬಂದವನು, ಬಾವುಟ ಹಾರಿಸಲು ಆಳು ಬೇಕಾದಾಗ ನಿನ್ನೆ ಇಳಿದವನೂ ಮಣ್ಣಿನ ಮಗ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ತಪ್ಪಿಸಿಕೊಂಡು ಹೋಗೋದು ನ್ಯಾಯ ಅಲ್ಲ. ಬದುಕುತ್ತಿರುವವರಿಗೇ ಹಕ್ಕು ಅಂದುಬಿಟ್ಟರೆ, ನೆಲ ಕಬಳಿಸುವ ಯಾವ ಸರ್ಕಾರವಾದರೂ ತನ್ನ ಜನರನ್ನು ತಂದು ಕೂರಿಸಿ ಐವತ್ತು ವರ್ಷ ಸುಮ್ಮನೆ ಕಾಯಬಹುದು. ಆಮೇಲೆ ಮತ ಹಾಕಿಸಿದರೆ ಆಯಿತು. ಇದು ಕಳ್ಳನಿಗೆ ದಾರಿ ತೋರಿಸಿದ ಹಾಗೆ ಆಗಲ್ವಾ?

ಆಗುತ್ತೆ, ನಾವು ಎರಡು ವಿಷಯವನ್ನು ಒಂದೇ ಮಾಡಿಕೊಂಡರೆ. ಒಂದು, ಕಿತ್ತುಕೊಂಡ ಸರ್ಕಾರದ ತಪ್ಪು. ಇನ್ನೊಂದು, ಅಲ್ಲೇ ಹುಟ್ಟಿದ ಮಗುವಿನ ಮನೆ. ಸರ್ಕಾರದ ತಪ್ಪಿಗೆ ವಯಸ್ಸಾಗೋದಿಲ್ಲ, ನೂರು ವರ್ಷ ಆದರೂ ಅದು ಲೆಕ್ಕ ಕೊಡಬೇಕು. ಪರಿಹಾರ ಕೊಡಲಿ, ಕ್ಷಮೆ ಕೇಳಲಿ, ಹೊರಹಾಕಿದವರಿಗೆ ವಾಪಸ್ ಬರುವ ದಾರಿ ಮಾಡಲಿ. ಆದರೆ ಆ ಸಾಲವನ್ನು ಮಗುವಿನ ಮನೆ ಜಪ್ತಿ ಮಾಡಿ ತೀರಿಸೋಕೆ ಬರೋದಿಲ್ಲ. ಕನ್ನಡಿಗರಿಗೆ ಇದು ತೀರಾ ಹೊಸ ವಿಚಾರ ಏನಲ್ಲ. 'ಉಳುವವನೇ ಹೊಲದೊಡೆಯ' ಅನ್ನೋ ಮಾತು ಕೇಳಿ ಬೆಳೆದವರು ನಾವು. ಹಳೇ ಕಾಗದಕ್ಕಿಂತ ಬೆವರು ದೊಡ್ಡದು ಅಂತ 1970ರ ದಶಕದಲ್ಲಿ ಈ ರಾಜ್ಯ ಕಾನೂನನ್ನೇ ಬದಲಾಯಿಸಿತು. ಆದರೆ ಅದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಉಳುತ್ತಿದ್ದವನನ್ನು ಓಡಿಸಿ ಬಂದವನು ನಾನೂ ಈಗ ಉಳ್ತಾ ಇದ್ದೀನಿ ಅಂದರೆ, ಓಡಿಹೋದವನು ಇನ್ನೂ ದಾರಿಯಲ್ಲಿ ನಿಂತಿದ್ದಾನೆ ಅನ್ನೋದನ್ನು ಮರೆಯುವ ಹಾಗಿಲ್ಲ. ಚಾಗೋಸ್ ಜನ ಹಾಗೆ ದಾರಿಯಲ್ಲಿ ನಿಂತವರು. ಅವರಲ್ಲಿ ಎಷ್ಟೋ ಜನ ಇವತ್ತು ಇಂಗ್ಲೆಂಡಿನ ಕ್ರಾಲಿ ಪಟ್ಟಣದಲ್ಲಿದ್ದಾರೆ. ಅಲ್ಲಿ ಅವರು ಮತ್ತೆ ಹೊಸಬರು.

ಹಾಗಾದರೆ ದ್ವೀಪದವರ ಹಕ್ಕಿಗೆ ಯಾವ ಶರತ್ತೂ ಇಲ್ಲವಾ? ನನ್ನ ಪ್ರಕಾರ ಒಂದು ಇದೆ. ನೀವು ಯಾವ ಆಧಾರದ ಮೇಲೆ ಇದು ನನ್ನ ಊರು ಅಂತೀರೋ, ಅದೇ ಆಧಾರವನ್ನು ನಿಮ್ಮ ನಂತರ ಬಂದವರಿಗೂ ಕೊಡಬೇಕು. ಫಾಕ್‌ಲ್ಯಾಂಡ್‌ನಲ್ಲಿ ಈ ಪರೀಕ್ಷೆ ಈಗ ನಡೀತಾ ಇದೆ. 2016ರ ಜನಗಣತಿಯ ಪ್ರಕಾರ ಅಲ್ಲೇ ಹುಟ್ಟಿದವರು ಅರ್ಧಕ್ಕಿಂತ ಕಡಿಮೆ. ಸೇಂಟ್ ಹೆಲೆನಾ, ಚಿಲಿ, ಫಿಲಿಪ್ಪೀನ್ಸ್‌ನಿಂದ ಜನ ಕೆಲಸಕ್ಕೆ ಬಂದಿದ್ದಾರೆ. ಯುದ್ಧಕಾಲದಲ್ಲಿ ಅರ್ಜೆಂಟೀನಾದ ಸೇನೆ ಹೂತಿಟ್ಟ ನೆಲಬಾಂಬುಗಳನ್ನು ತೆಗೆಯೋಕೆ ಅಂತ 2009ರಿಂದ ಜಿಂಬಾಬ್ವೆಯ ಕೆಲಸಗಾರರು ಬಂದರು. ಮೊಣಕಾಲೂರಿ, ಇಂಚು ಇಂಚು ನೆಲ ಕೆದಕಿ, 2020ರಲ್ಲಿ ಆ ಕೆಲಸ ಮುಗಿಸಿದರು. ಕೆಲವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ಉಳಿದರು. ಆ ದ್ವೀಪದ ಮಣ್ಣನ್ನು ಅವರಷ್ಟು ಹತ್ತಿರದಿಂದ ಮುಟ್ಟಿದವರು ಇನ್ಯಾರಿದ್ದಾರೆ?

ಅಲ್ಲಿಯ ಕಾನೂನಿನಲ್ಲಿ ಹೊರಗಿಂದ ಬಂದವರು ದ್ವೀಪದವರು ಅನಿಸಿಕೊಳ್ಳೋಕೆ, ಮತ ಹಾಕೋಕೆ, ಏಳು ವರ್ಷ ವಾಸ ಇದ್ದು ಅರ್ಜಿ ಹಾಕಬೇಕು. ಏಳು ವರ್ಷ ಜಾಸ್ತಿ ಅಂತ ಕೆಲವರಿಗೆ ಅನಿಸಬಹುದು. ಆದರೆ ಅದು ಒಂದು ಸಂಖ್ಯೆ, ಅದಕ್ಕೆ ಒಂದು ಕೊನೆ ಇದೆ. ನೀನು ಯಾವತ್ತೂ ನಮ್ಮವನಲ್ಲ ಅನ್ನೋ ಮಾತಿಗೆ ಕೊನೆ ಇಲ್ಲ. ಬಾಗಿಲಿಗೆ ಚಿಲಕ ಇರೋದಕ್ಕೂ, ಬಾಗಿಲೇ ಇಲ್ಲದ ಗೋಡೆ ಇರೋದಕ್ಕೂ ಇರುವ ವ್ಯತ್ಯಾಸ ಅದು.

1965ರಲ್ಲಿ ವಿಶ್ವಸಂಸ್ಥೆ ಫಾಕ್‌ಲ್ಯಾಂಡ್ ಬಗ್ಗೆ ಒಂದು ನಿರ್ಣಯ ಮಾಡಿತು. ಎರಡೂ ದೇಶ ಕೂತು ಮಾತಾಡಿ, ದ್ವೀಪವಾಸಿಗಳ 'ಹಿತ'ವನ್ನು ಗಮನದಲ್ಲಿಡಿ ಅಂತ ಅದು ಹೇಳುತ್ತೆ. 'ಇಚ್ಛೆ' ಅಂತ ಹೇಳಲ್ಲ. ಅವತ್ತಿನಿಂದ ಅರ್ಜೆಂಟೀನಾ ಹಿತದ ಮಾತಾಡುತ್ತೆ, ಬ್ರಿಟನ್ ಇಚ್ಛೆಯ ಮಾತಾಡುತ್ತೆ. ಇದು ಬರೀ ಪದಗಳ ಜಗಳ ಅಲ್ಲ. ನಮ್ಮ ಹಿತ ಏನು ಅಂತ ಮನೆಯ ಹಿರಿಯರು, ಆಫೀಸಿನ ಮೇಲಿನವರು, ಸರ್ಕಾರ, ಎಲ್ಲರೂ ನಮ್ಮ ಪರವಾಗಿ ತೀರ್ಮಾನ ಮಾಡಬಲ್ಲರು. ಇಚ್ಛೆ ಏನು ಅಂತ ತಿಳಿಯೋಕೆ ಮಾತ್ರ ನಮ್ಮನ್ನೇ ಕೇಳಬೇಕು.

ಚಾಗೋಸ್‌ನ ಕತೆಯಲ್ಲಿ ಇವತ್ತಿಗೂ ಕೊರತೆ ಇರೋದು ಇದೇ. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಅಲ್ಲಿಂದ ಆಡಳಿತ ಮುಗಿಸಬೇಕು ಅಂತ ಅಭಿಪ್ರಾಯ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ದ್ವೀಪಗಳು ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾದ ಸೇನಾನೆಲೆ 99 ವರ್ಷ ಬ್ರಿಟನ್ ಕೈಯಲ್ಲೇ. ಎರಡು ದೇಶದ ವಕೀಲರಿಗೆ ಇದು ಪರಿಹಾರ ಇರಬಹುದು. ಆದರೆ ಚಾಗೋಸ್‌ನವರಲ್ಲಿ ಎಷ್ಟೋ ಜನರ ದೂರು ಇದು: ಐವತ್ತು ವರ್ಷದ ಹಿಂದೆ ನಮ್ಮನ್ನು ಕಳಿಸುವಾಗ ಕೇಳಲಿಲ್ಲ, ಈಗ ನಮ್ಮ ನೆಲವನ್ನು ಕೊಡುವಾಗಲೂ ಕೇಳಲಿಲ್ಲ. ಹುಟ್ಟಿದ ದ್ವೀಪವನ್ನು ನೆನಪಿಟ್ಟುಕೊಂಡಿರುವ ಅಜ್ಜ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಇದ್ದಾರೆ. ಕೇಳೋದಾದರೆ ಅವರು ಇರುವಾಗಲೇ ಕೇಳಬೇಕು.