ಹೆಚ್ಚಿದ ಬೆಲೆ ಯಾರ ಪಾಲು?

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯಿಂದ ಹೈದರಾಬಾದಿಗೆ ದುಡಿಯಲು ಹೋದವರು ಊರಿಗೆ ಬಂದಾಗ, "ಶಂಶಾಬಾದಿನಾಗ ಒಂದು ಎಕರೆ ಹೊಲ ಇದ್ದಿದ್ದರ ಸಾಕಿತ್ತು" ಅಂತಾರ. ಈ ಮಾತಿನೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ.

2008ರ ಮಾರ್ಚಿನಲ್ಲಿ ಬೇಗಂಪೇಟೆಯ ಪ್ರಯಾಣಿಕರ ವಿಮಾನಗಳು ಶಂಶಾಬಾದಿಗೆ ಹೋದವು. ಅದಕ್ಕೆ ಹಿಡಿದ ನೆಲ ಸುಮಾರು 5,500 ಎಕರೆ. ಮೊದಲು ಹೊಲ ಹೋಯಿತು. ಆಮೇಲೆ ರನ್‌ವೇ, 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ, ಗೋದಾಮು, ಹೋಟೆಲು, ಪ್ಲಾಟು ಬಂದವು.

ಆಗಿನ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಹೊಲ ಕೊಟ್ಟವನಿಗೆ ಸಿಗುತ್ತಿದ್ದುದು ಪ್ರಕಟಣೆಯ ದಿನದ ಬೆಲೆ, ಅದರ ಮೇಲೆ ನೂರಕ್ಕೆ 30. ಬೇಲಿಯಾಚೆಯವನು ಕಾಯ್ದು ಕುಂತು ಎಷ್ಟೋ ಪಟ್ಟು ಪಡೆಯಬಹುದಿತ್ತು. ಅವನ ಹೊಲಕ್ಕೆ ಬೆಲೆ ಬಂದದ್ದು ನೆರೆಯವನು ನೆಲ ಬಿಟ್ಟದ್ದರಿಂದ. ಇಟ್ಟಿಗೆ ಹೊತ್ತವರಿಗೆ ಸಿಕ್ಕಿದ್ದು ದಿನಗೂಲಿ ಅಷ್ಟೇ.

"ಅದು ಅವರವರ ಹಣೆಬರಹ" ಅನ್ನಬಹುದು. ಮಳೆ ಬಂದರ ಹಣೆಬರಹ ಅನ್ನೋಣ. ರಸ್ತೆ ಮುಗಿಲಿನಿಂದ ಬೀಳೂದಿಲ್ಲ, ಅದಕ್ಕೆ ಊರವರೆಲ್ಲರ ರೊಕ್ಕ ಬೇಕು.

2013ರ ಕಾಯ್ದೆ ಹಳ್ಳಿಯ ನೆಲಕ್ಕೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಹೇಳಿತು; ಹೊಲವಿಲ್ಲದೆ ಅದರಲ್ಲಿ ದುಡಿದು ಬದುಕಿದವರನ್ನೂ ಲೆಕ್ಕಕ್ಕೆ ಹಿಡಿಯಿತು. ಒಳ್ಳೆಯದಾಯಿತು. ಆದರೂ ಮುಂದೆ ಏರುವ ಬೆಲೆಯ ಪಾಲು ಉಳಿದೇ ಇದೆ. ನೆರೆಯ ರಾಯಚೂರಿನ ಯರಮರಸಿನಲ್ಲೂ ವಿಮಾನ ನಿಲ್ದಾಣದ ಯೋಜನೆ ಇರುವಾಗ ಇದು ನಮಗೂ ದೂರದ ಮಾತಲ್ಲ.

ನಮ್ಮ ಹಿರಿಯರು ರಾಶಿ ಮನೆಗೆ ಒಯ್ಯುವ ಮುಂಚೆ ಕಣದಲ್ಲೇ ಬಡಿಗೇರ, ಕಂಬಾರರ ಆಯ ಅಳೆದು ಕೊಡುತ್ತಿದ್ದರು. ಊರಿನ ನೆಲದ ಮೇಲೆ ಬೆಳೆದ ಬೆಲೆಯೂ ಒಂದು ರಾಶಿಯೇ. ಅದರ ಆಯ ಅಳೆಯುವವರು ಯಾರು?