ಎದಿ ಹಗುರಾತ್ರಿ

ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲಿ ತಲೆಯೆತ್ತಿದ ಗಿರಣಿ ಎಷ್ಟೋ ತಲೆಮಾರುಗಳಿಗೆ ರೊಟ್ಟಿ ಕೊಟ್ಟಿತು. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ವಾರದ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುವ ಕಾಯಿಲೆಯೊಂದನ್ನು ವೈದ್ಯಶಾಸ್ತ್ರ ಗುರುತಿಸಿದೆ. ಮೂಡಲಗಿ ಕಡೆ ಕಬ್ಬಿನ ರವದಿ ಸುಟ್ಟ ಹೊಗೆ, ಹುಕ್ಕೇರಿಯ ಹಳ್ಳಿಗಳಲ್ಲಿ ಕಟ್ಟಿಗೆಯ ಒಲೆ, ಎಲ್ಲೆಡೆ ಬೀಡಿ. ಇವುಗಳ ನಡುವೆಯೇ ಕ್ಷಯ.

ಉಸಿರು ಕಟ್ಟಿದವನಿಗೆ ಉಸಿರು ಈಗಲೇ ಬೇಕು. ಹೆಸರು ಹೇಳದೆ ಕೊಟ್ಟ ಸ್ಟಿರಾಯ್ಡ್ ಗುಳಿಗೆ ಅದನ್ನು ಕೊಡುತ್ತದೆ. ‘ಗುಳಿಗಿ ತಗೊಂಡೆ, ಎದಿ ಹಗುರಾತ್ರಿ’ ಎಂಬ ಮಾತಿನಲ್ಲಿ ಸುಳ್ಳಿಲ್ಲ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತದಿಂದ ನಡೆಯಲಾಗದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಓಡಾಡತೊಡಗಿದಳು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಅಷ್ಟರಲ್ಲೇ ಊದಿದ ಮುಖ, ಕದಡಿದ ಮನಸ್ಸು ಮುಂತಾದ ದುಷ್ಪರಿಣಾಮಗಳೂ ಕಂಡಿದ್ದವು. ರಕ್ತದ ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಈಗ ಎಲ್ಲ ವೈದ್ಯರಿಗೂ ಗೊತ್ತು.

ಸ್ಟಿರಾಯ್ಡ್ ತಗ್ಗಿಸುವ ಊತ, ಜ್ವರ ರೋಗದ ಗುರುತಷ್ಟೇ ಅಲ್ಲ, ದೇಹ ಕಾದಾಡುವ ರೀತಿಯೂ ಹೌದು. ಅಸ್ತಮಾದಲ್ಲಿ ಆ ಕಾದಾಟವೇ ಅತಿಯಾಗುವುದರಿಂದ ಅದನ್ನು ತಗ್ಗಿಸುವುದೇ ಚಿಕಿತ್ಸೆ. ಒಳಗೆ ಕ್ಷಯದ ಅಣುಜೀವಿ ಮಲಗಿದ್ದರೆ ಮಾತು ಬೇರೆ. ಕಬ್ಬಿನ ಹೊಲದ ನಾಯಿಯ ಬಾಯಿ ಕಟ್ಟಿದರೆ ನಮಗೆ ನಿದ್ದೆ ಬಂದೀತು. ಕಾಡುಹಂದಿ ಬರುವುದು ನಿಲ್ಲುವುದಿಲ್ಲ.

ಒಂದು ದಿನ ಕಫದಲ್ಲಿ ರಕ್ತ ಬೀಳುತ್ತದೆ, ಕೆಂಪಗೆ, ನೊರೆನೊರೆಯಾಗಿ. ಕ್ಷಯವಿರಬಹುದು, ಹಳೆಯ ಕ್ಷಯ ಬಿಟ್ಟುಹೋದ ಗಾಯವಿರಬಹುದು, ಕ್ಯಾನ್ಸರ್ ಇರಬಹುದು. ರಕ್ತ ಬಹಳ ಬಂದರೆ ಜೀವ ಹೋಗುವುದು ಹೆಚ್ಚಾಗಿ ರಕ್ತ ಕಳೆದುಕೊಂಡಲ್ಲ, ಅದೇ ರಕ್ತ ಉಸಿರಿನ ದಾರಿ ತುಂಬಿ. ಹೆಸರೇ ಗೊತ್ತಿಲ್ಲದ ಗುಳಿಗೆಯನ್ನು ನಂಬಿದವನು ಕಣ್ಣಾರೆ ಕಂಡ ಈ ರಕ್ತವನ್ನು ಮಾತ್ರ ನಂಬುವುದಿಲ್ಲ. ಟವೆಲ್ಲಿನ ಕಲೆ ಒಳಮಗ್ಗುಲಿಗೆ ಬರುವಂತೆ ಮಡಚುತ್ತಾನೆ. ‘ಹೀಟ್ ಆಗೇತಿ’ ಎನ್ನುತ್ತಾನೆ. ಮಗಳ ಮದುವೆ ಮುಗಿಯಲಿ ಎನ್ನುತ್ತಾನೆ. ಇಲ್ಲವೇ ಹೆದರಿ ಗುಳಿಗೆಯನ್ನೆಲ್ಲ ಒಮ್ಮೆಲೇ ಬಿಡುತ್ತಾನೆ. ಅದೂ ಅಪಾಯ. ಮೂತ್ರಪಿಂಡದ ಮೇಲಿನ ಗ್ರಂಥಿ ತಾನೇ ಮಾಡಿಕೊಳ್ಳುತ್ತಿದ್ದ ಸ್ಟಿರಾಯ್ಡ್ ವಾರಗಟ್ಟಲೆ ಹೊರಗಿನಿಂದ ಬಂದರೆ, ಆ ಗ್ರಂಥಿ ಕೆಲಸ ನಿಲ್ಲಿಸಿಬಿಟ್ಟಿರಬಹುದು. ಡಾಕ್ಟರು ಹಂತಹಂತವಾಗಿ ಇಳಿಸದಿದ್ದರೆ ದೇಹ ಕುಸಿಯಬಹುದು.

ಹಿಡಿಯುವುದರಲ್ಲೂ ಅವಸರ, ಬಿಡುವುದರಲ್ಲೂ ಅವಸರ. ಇದನ್ನು ತಿಳಿಗೇಡಿತನವೆಂದು ಜರೆಯುವುದು ಸುಲಭ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯದ ಔಷಧಿ ಉಚಿತ, ನಿಜ. ಆದರೆ ಅಲ್ಲಿಗೆ ಹೋಗಿ ಕೂತ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ದಿನಗೂಲಿಯ ಮನೆಗೆ ತಾಳ್ಮೆ ಬಲು ತುಟ್ಟಿ. ಕ್ಷಯರೋಗಿಗೆ ತಿಂಗಳಿಗೆ ಸಿಗುವ 1000 ರೂಪಾಯಿಯ ಪೋಷಣೆಯ ನೆರವು ಆ ಕೂಲಿಯ ನಷ್ಟದ ಒಂದು ಚೂರನ್ನಷ್ಟೇ ತುಂಬೀತು.

ಎದೆ ಹಗುರಾಗಬೇಕೆಂಬುದು ರೋಗಿಯ ನ್ಯಾಯವಾದ ಆಸೆ. ಏನು ಕೊಟ್ಟು ಹಗುರ ಮಾಡಿದರೆಂದು ಚೀಟಿಯಲ್ಲಿ ಬರೆದು ಹೇಳುವುದು ಕೊಟ್ಟವರ ಹೊಣೆ. ತಾಳಿಕೋ ಎಂದು ಬುದ್ಧಿ ಹೇಳುವ ನಾವು, ಆ ತಾಳ್ಮೆಯ ಖರ್ಚಿನಲ್ಲೂ ಪಾಲು ಕೊಡಬೇಕು.