ಮುಂದಾಗಿ ನಡೆದ ನಾಯಕನು

ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಸಿಪಾಯಿ, ಆಟಗಾರ, ವ್ಯವಸಾಯಗಾರ ಈ ಮೂವರನ್ನು ನಮ್ಮ ಮುಂದೆ ನಿಲ್ಲಿಸುತ್ತಾನೆ.

ಮೊದಲಿನ ಇಬ್ಬರೂ ಒಬ್ಬನಲ್ಲಿಯೇ ಕೂಡಿದ್ದುಂಟು. ಇಂಗ್ಲೆಂಡ್ ದೇಶದ ಬೋಲ್ಟನ್ ಊರಿನ ಕಾಲ್ಚೆಂಡಾಟದ ತಂಡಕ್ಕೆ ಹ್ಯಾರಿ ಗಾಸ್ಲಿನ್ ಎಂಬವನು ನಾಯಕನಾಗಿದ್ದನು. 1939ರ ಏಪ್ರಿಲ್ ತಿಂಗಳಲ್ಲಿ, ಯುದ್ಧವು ಸಮೀಪಿಸಿರಲಾಗಿ, ಅವನು ಆಟಕ್ಕೆ ಮುಂಚೆ ನೆರೆದ ಜನರ ಮುಂದೆ ನಿಂತು, ಈ ಭಾರವನ್ನು ಬೇರೊಬ್ಬರ ಹೆಗಲಿಗೆ ಬಿಡಬಾರದೆಂದು ಬೇಡಿಕೊಂಡನು. ಅಷ್ಟಕ್ಕೇ ನಿಲ್ಲದೆ ಜೊತೆಯ ಆಟಗಾರರೊಡನೆ ತಾನೇ ಹೋಗಿ ಸೈನ್ಯಕ್ಕೆ ಸೇರಿದನು. ಅವನಿದ್ದ ಫಿರಂಗಿ ದಳವು ಇಟಲಿಯಲ್ಲಿ 8ನೆಯ ಇಂಡಿಯನ್ ಡಿವಿಜನ್ನಿನೊಡನೆ ಕಾದಿತು; ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಪದಾತಿಗಳೂ ಆ ಡಿವಿಜನ್ನಿನಲ್ಲಿದ್ದರು. 1943ರ ಡಿಸೆಂಬರಿನಲ್ಲಿ ಅವನು ಗಾಯಪಟ್ಟು ತೀರಿಕೊಂಡನು. ಸಾಂಗ್ರೋ ನದಿಯ ಬಳಿ ಅವನ ಸಮಾಧಿಯುಂಟು.

ನಾವು ಯುದ್ಧವನ್ನು ಹೊಗಳುವದಿಲ್ಲ. ಆದರೆ ಹೋಗಿರೆನ್ನದೆ ಬನ್ನಿರೆಂದು ಕರೆದವನನ್ನು ನೋಡಿ ನಾಚಿಕೊಳ್ಳುತ್ತೇವೆ. ರೋಗಿಯನ್ನು ಸಂಧಿಸುವದಕ್ಕೂ, ಜಗಳವಾಡಿದ ಅಣ್ಣತಮ್ಮಂದಿರನ್ನು ಕೂಡಿಸುವದಕ್ಕೂ ಬೇರೊಬ್ಬನು ಹೋಗಲೆಂದು ಎಷ್ಟು ಸಾರಿ ಸುಮ್ಮನೆ ಕುಳಿತೆವು!

ಮೂರನೆಯವನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ದುಡಿಯುವ ನಾವೇ. ಅಟ್ಟದ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇದ್ದ ಕಾಯಿಯೇ ಉಂಡೆ ಕೊಬ್ಬರಿಯಾಗುತ್ತದೆ. ಅವಸರದಿಂದ ಒಡೆದದ್ದು ಆಗುವದಿಲ್ಲ. ಹಾಗೆಯೇ ಯಾರೂ ಕಾಣದ ಸೇವೆಯಲ್ಲಿ ತಾಳಿಕೊಳ್ಳೋಣ. ಶಿಲುಬೆಯನ್ನು ಹೊತ್ತು ನಮಗೆ ಮುಂದಾಗಿ ನಡೆದ ಕರ್ತನು ನಮ್ಮನ್ನೂ ಬನ್ನಿರೆಂದೇ ಕರೆಯುತ್ತಾನೆ. ಆಮೆನ್.